ಗಾಡಿ ಯಾವ ಪಾಸಿಂಗ್?

ವಿಜಯದಶಮಿಯ ಸಂಜೆ ಕೊಲ್ಹಾಪುರದ ದಸರಾ ಚೌಕಕ್ಕೆ ಅಂಬಾಬಾಯಿಯ ಪಲ್ಲಕ್ಕಿ ಬರುತ್ತದೆ, ತುಳಜಾಭವಾನಿಯ ಪಲ್ಲಕ್ಕಿ ಬರುತ್ತದೆ, ಛತ್ರಪತಿ ಮನೆತನದವರನ್ನು ಹೊತ್ತು ನ್ಯೂ ಪ್ಯಾಲೇಸಿನಿಂದ ಒಂದು ಕಾರೂ ಬರುತ್ತದೆ. ಕೇಸರಿ ಬಣ್ಣದ, ಉದ್ದ ಮೂತಿಯ ಹಳೆಯ ಮೇಬ್ಯಾಕ್ ಅದು. ಎಲೆಯನ್ನೇ ಬಂಗಾರವೆಂದು ಹಂಚಿಕೊಳ್ಳಲು ಸೇರಿದ ಜನರಲ್ಲಿ ಅರ್ಧದಷ್ಟು ಮಂದಿಯ ಮೊಬೈಲು ಪಲ್ಲಕ್ಕಿಯ ಕಡೆ ತಿರುಗಿದ್ದರೆ ಇನ್ನರ್ಧ ಕಾರಿನ ಕಡೆ. ಗುಂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಇವತ್ತು ಮಾರಿದರೆ ಇದಕ್ಕೆ ಎಷ್ಟು ಬರಬಹುದು?

ಉತ್ತರ ಹೇಳುವುದು ಕಷ್ಟ. 1922ರಿಂದ 1940ರವರೆಗೆ ಕೊಲ್ಹಾಪುರವನ್ನು ಆಳಿದ ರಾಜಾರಾಮ ಮಹಾರಾಜರ ಕಾಲದ ಕಾರು ಇದು. ಜೆಪ್ಪೆಲಿನ್ ವಾಯುನೌಕೆಗಳಿಗೆ ಎಂಜಿನ್ ಮಾಡಿ ಹೆಸರಾದ ಜರ್ಮನಿಯ ಮೇಬ್ಯಾಕ್ ಕಂಪನಿ ಎರಡು ದಶಕಗಳಲ್ಲಿ ಎಲ್ಲ ಮಾದರಿ ಸೇರಿ ಕಟ್ಟಿದ್ದು ಸುಮಾರು 1,800 ಕಾರು. ಚಾಸಿ ಮತ್ತು ಎಂಜಿನ್ ಮಾತ್ರ ಕಂಪನಿಯದು, ಮೈ ಕಟ್ಟಿಸುವುದು ಬೇರೆ ಬಾಡಿ ಬಿಲ್ಡರುಗಳ ಕೈಯಲ್ಲಿ. ಹೀಗಾಗಿ ಒಂದರಂತೆ ಇನ್ನೊಂದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಂಪನಿ ಮತ್ತೆ ಕಾರಿನ ಕೆಲಸಕ್ಕೆ ಕೈ ಹಾಕಲಿಲ್ಲ. ಅಪರೂಪ ಎನ್ನಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಆದರೆ ಕೊಲ್ಹಾಪುರದ ಮೇಬ್ಯಾಕ್ ಮಾರುಕಟ್ಟೆಗೆ ಬಂದಿಲ್ಲ. ಮಾರಾಟಕ್ಕೆ ನಿಲ್ಲದ ವಸ್ತುವಿಗೆ ಗೌರವ ಇರುತ್ತದೆ, ರೇಟು ಇರುವುದಿಲ್ಲ.

ಬಂದರೂ ಅದರ ಬೆಲೆ ಹೊರದೇಶದ ಹರಾಜಿನಲ್ಲಿ ನಿರ್ಧಾರವಾಗುವಂತಿಲ್ಲ. 1950ಕ್ಕಿಂತ ಮೊದಲು ತಯಾರಾದ ವಿಂಟೇಜ್ ಕಾರುಗಳನ್ನು ಭಾರತದಿಂದ ಹೊರಗೆ ಸಾಗಿಸುವುದಕ್ಕೆ ನಿರ್ಬಂಧವಿದೆ. ನಿರ್ಬಂಧ ಬರುವ ಮುಂಚೆ, ಸಂಸ್ಥಾನಗಳು ಹೋಗಿ ರಾಜಧನವೂ ನಿಲ್ಲುತ್ತಿದ್ದ ಕಾಲದಲ್ಲಿ, ಎಷ್ಟೋ ಅರಮನೆಗಳ ಕಾರುಗಳು ಸಿಕ್ಕ ಬೆಲೆಗೆ ಹಡಗು ಹತ್ತಿದವು. ರಾಜಕೋಟೆಯ ಅರಸರ 1934ರ ರೋಲ್ಸ್ ರಾಯ್ಸ್, ‘ಸ್ಟಾರ್ ಆಫ್ ಇಂಡಿಯಾ’ ಎಂದು ಹೆಸರಾದದ್ದು, 1968ರಲ್ಲಿ ಕೈಬಿಟ್ಟು ಹೋಯಿತು. ನಾಲ್ಕು ದಶಕ ಹೊರಗಿದ್ದ ಅದನ್ನು ಅದೇ ಮನೆತನದವರೇ ಮತ್ತೆ ಕೊಂಡು ತಂದರು. ಅಜ್ಜನ ಕಾಲದಲ್ಲಿ ಹೋದ ಗಾಡಿಯನ್ನು ಮೊಮ್ಮಗನ ಕಾಲದಲ್ಲಿ ಯಾವ ರೇಟಿಗೆ ಬಿಡಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು.

ಮೇಬ್ಯಾಕ್ ಹೆಸರಿಗೆ ಇನ್ನೊಂದು ಕಥೆಯೂ ಇದೆ. ಅಪರೂಪಕ್ಕೂ ಬೆಲೆಗೂ ಇರುವ ನಂಟು ಎಷ್ಟು ಸಡಿಲ ಎಂಬುದು ಅದರಲ್ಲೇ ತಿಳಿಯುತ್ತದೆ. ಮರ್ಸಿಡಿಸ್ ಕಂಪನಿಯ ಒಡೆಯರು ಸತ್ತುಹೋಗಿದ್ದ ಈ ಹೆಸರನ್ನು 2002ರಲ್ಲಿ ಎಬ್ಬಿಸಿ 57 ಮತ್ತು 62 ಎಂಬ ಎರಡು ಭಾರೀ ಕಾರುಗಳನ್ನು ಬಿಟ್ಟರು. ಹತ್ತು ವರ್ಷದಲ್ಲಿ ಮಾರಿಹೋದದ್ದು ಮೂರು ಸಾವಿರದ ಆಸುಪಾಸು. ಲೆಕ್ಕದಲ್ಲಿ ಅವೂ ಅಪರೂಪವೇ, ಎಷ್ಟೋ ಫೆರಾರಿಗಳಿಗಿಂತ ಕಡಿಮೆ ಸಂಖ್ಯೆ. ಆದರೆ ಅಮೆರಿಕದಲ್ಲಿ ಅವುಗಳ ಬೆಲೆ ಹೊಸದರ ಕಾಲು ಭಾಗಕ್ಕೂ ಕೆಳಗೆ ಇಳಿಯಿತು. ಜನ ಕೊಳ್ಳದ್ದರಿಂದ ಅಪರೂಪವಾದ ವಸ್ತುವೇ ಬೇರೆ, ಕೊಳ್ಳಲು ನಿಂತ ಜನಕ್ಕೆ ಸಾಲದೆ ಅಪರೂಪವಾದದ್ದೇ ಬೇರೆ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರು ಈ ಎರಡನ್ನೂ ಒಂದೇ ಎಂದು ತಿಳಿದವರು.

ಕೊಲ್ಹಾಪುರ ಸೀಮೆಗೆ ಮೋಟಾರು ಹೊಸತಲ್ಲ. ಶಿವಾಜಿ ಉದ್ಯಮನಗರದ ವರ್ಕ್‌ಶಾಪುಗಳಲ್ಲಿ ಆಯಿಲ್ ಎಂಜಿನ್ ಬಿಚ್ಚಿ ಕಲಿತ ತಲೆಮಾರು ಮುಂದೆ ಶಿರೋಳಿ, ಗೋಕುಳ ಶಿರಗಾಂವ, ಕಾಗಲ್‌ಗಳ ಎಂಐಡಿಸಿ ಕೈಗಾರಿಕಾ ವಸಾಹತುಗಳಲ್ಲಿ ಫೌಂಡ್ರಿ ಹಾಕಿತು. ಕೊಲ್ಹಾಪುರ–ಇಚಲಕರಂಜಿ ಪಟ್ಟಿಯಲ್ಲಿ ಇಂದು ಮುನ್ನೂರರ ಆಸುಪಾಸು ಫೌಂಡ್ರಿಗಳಿವೆ. ದೇಶದ ಟ್ರ್ಯಾಕ್ಟರು, ಲಾರಿ, ಕಾರುಗಳ ಸಿಲಿಂಡರ್ ಬ್ಲಾಕು, ಹೆಡ್ಡು ಇಲ್ಲಿ ಎರಕವಾಗುತ್ತವೆ. ಕೊಲ್ಹಾಪುರದ ಹೊರಗೆ ಮೋಹಿತೆ ಮನೆತನದವರ ಗೋ–ಕಾರ್ಟ್ ಟ್ರ್ಯಾಕ್ ಇದೆ. ಬ್ರಿಟಿಷ್ ಫಾರ್ಮುಲಾ 3 ರೇಸಿನಲ್ಲಿ ಓಡಿಸಿದ ಕೃಷ್ಣರಾಜ ಮಹಾಡಿಕ್ ಈ ಊರಿನವರು. ಇಚಲಕರಂಜಿಯಲ್ಲಿ ಮಗ್ಗದ ಸದ್ದಿನ ಜೊತೆ ಕನ್ನಡ ಮಾತಾಡುವ ಲಿಂಗಾಯತ, ಜೈನ ಮನೆತನಗಳಿವೆ. ಗಡಹಿಂಗ್ಲಜದ ಪೇಟೆಯಲ್ಲಿ ಬೆಲ್ಲ, ಮೆಣಸಿನಕಾಯಿ ವ್ಯಾಪಾರದ ಹಲವರ ಮನೆಮಾತೂ ಕನ್ನಡವೇ. ಯಂತ್ರವನ್ನು ಕಣ್ಣಳತೆಯಲ್ಲೇ ಅಳೆಯಬಲ್ಲ ಜನ ಇವರು. ಆದರೆ ಕೋಟಿ ರೂಪಾಯಿಯ ಕಾರಿನ ಮರುಮಾರಾಟದಲ್ಲಿ ಯಂತ್ರದ ಮಾತು ಆಮೇಲೆ ಬರುತ್ತದೆ. ಮೊದಲ ಪ್ರಶ್ನೆ ಇದು: ಗಾಡಿ ಯಾವ ಪಾಸಿಂಗ್? ಅಂದರೆ ಯಾವ ರಾಜ್ಯದಲ್ಲಿ ನೋಂದಣಿ?

ನಂಬರ್ ಪ್ಲೇಟಿನ ಮೊದಲೆರಡು ಅಕ್ಷರಕ್ಕೆ ಇಲ್ಲಿ ಇರುವ ತೂಕ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕುಳಿತವರಿಗೆ ಅಷ್ಟಾಗಿ ಗೊತ್ತಾಗದು. ಗಡಹಿಂಗ್ಲಜದಿಂದ ಸಂಕೇಶ್ವರ ಹದಿನೈದು ಕಿಲೋಮೀಟರಿನ ಆಸುಪಾಸು. ಇಚಲಕರಂಜಿಯಿಂದ ಹೊರಟರೆ ಸ್ವಲ್ಪದರಲ್ಲೇ ಕರ್ನಾಟಕದ ಬೋರಗಾಂವ. ಆ ಕಡೆ ಕೆಎ 23, ಈ ಕಡೆ ಎಂಎಚ್ 09. ಬೀಗರು, ಹೊಲ, ಮಠ, ಸಕ್ಕರೆ ಕಾರ್ಖಾನೆ ಎರಡೂ ಕಡೆ ಇರುವ ಕುಟುಂಬಗಳಿಗೆ ಈ ಗೆರೆ ದಿನಬಳಕೆಯಲ್ಲಿ ಕಾಣಿಸುವುದೇ ಇಲ್ಲ. ಕಾಣಿಸುವುದು ಜೀವಾವಧಿ ತೆರಿಗೆ ಕಟ್ಟುವಾಗ.

ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ದಾಟಿದ ಕಾರಿಗೆ ತೆರಿಗೆ ಬೆಲೆಯ ಶೇ 18. ಅದರ ಮೇಲೆ ಸೆಸ್ ಸೇರಿದರೆ ಹತ್ತಿರಹತ್ತಿರ ಶೇ 20. ಇದಕ್ಕೆ ಮೇಲಿನ ಮಿತಿ ಇಲ್ಲ. ಮಹಾರಾಷ್ಟ್ರದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಶೇ 13. ಆಮದು ಮಾಡಿದ ಅಥವಾ ಕಂಪನಿಯ ಹೆಸರಿನಲ್ಲಿ ಕೊಂಡ ಕಾರಿಗೆ ಶೇ 20. ಆದರೆ ಅಲ್ಲೊಂದು ಛಾವಣಿ ಇದೆ. 2025ರ ಜೂನ್‌ವರೆಗೆ ಎಷ್ಟೇ ದುಬಾರಿ ಕಾರಾದರೂ ತೆರಿಗೆ 20 ಲಕ್ಷ ಮೀರುತ್ತಿರಲಿಲ್ಲ. ಜುಲೈ 1ರಿಂದ ಆ ಛಾವಣಿ 30 ಲಕ್ಷಕ್ಕೆ ಏರಿತು. ಐದು ಕೋಟಿಯ ಕಾರೊಂದನ್ನು ನಿಪ್ಪಾಣಿಯ ವಿಳಾಸದಲ್ಲಿ ಪಾಸಿಂಗ್ ಮಾಡಿಸಿದರೆ ಸುಮಾರು ಒಂದು ಕೋಟಿ ತೆರಿಗೆ, ಕಾಗಲ್‌ನ ವಿಳಾಸದಲ್ಲಿ ಹೆಚ್ಚೆಂದರೆ 30 ಲಕ್ಷ. ನಡುವೆ ಇರುವುದು ಒಂದು ಟೋಲ್ ನಾಕಾ, ಎಪ್ಪತ್ತು ಲಕ್ಷ ರೂಪಾಯಿ.

ಇಷ್ಟು ಅಂತರ ಇದ್ದಮೇಲೆ ಗಾಡಿಗಳು ಅಗ್ಗದ ಕಡೆ ಹುಟ್ಟಿ ದುಬಾರಿ ಕಡೆ ಓಡಾಡುವುದು ಸಹಜ. ಬೆಂಗಳೂರಿನ ರಸ್ತೆಗಳಲ್ಲಿ ಪುದುಚೇರಿ, ಜಾರ್ಖಂಡ್, ಮಹಾರಾಷ್ಟ್ರ ಪಾಸಿಂಗಿನ ಫೆರಾರಿ, ಪೋರ್ಷೆಗಳು ವರ್ಷಗಟ್ಟಲೆ ಓಡಿದ್ದು ಹೀಗೆ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಒಂದೇ ಕಾರ್ಯಾಚರಣೆಯಲ್ಲಿ ಮೂವತ್ತರಷ್ಟು ಐಷಾರಾಮಿ ಕಾರುಗಳನ್ನು ಹಿಡಿಯಿತು. ಅದೇ ವರ್ಷದ ಜುಲೈಯಲ್ಲಿ ಸುದ್ದಿಯಾದದ್ದು ಕೆಂಪು ಫೆರಾರಿ ಎಸ್‌ಎಫ್ 90 ಸ್ಟ್ರಾಡಾಲೆ. ಏಳೂವರೆ ಕೋಟಿಯ ಆ ಕಾರು ಮಹಾರಾಷ್ಟ್ರ ಪಾಸಿಂಗಿನದು, ಅಲ್ಲಿ ಕಟ್ಟಿದ್ದು ಆಗಿನ ಗರಿಷ್ಠ 20 ಲಕ್ಷ. ಬೆಂಗಳೂರಿನ ಆರ್‌ಟಿಒ ಅಧಿಕಾರಿಗಳು ನೋಟಿಸು ಕೊಟ್ಟ ದಿನವೇ ಮಾಲೀಕರು 1 ಕೋಟಿ 41 ಲಕ್ಷಕ್ಕೂ ಹೆಚ್ಚು ತೆರಿಗೆ ಕಟ್ಟಿ ಗಾಡಿ ಬಿಡಿಸಿಕೊಂಡರು. ಆ ಮೊತ್ತದಲ್ಲಿ ಇಚಲಕರಂಜಿಯ ಒಬ್ಬ ಮಗ್ಗದ ಮಾಲೀಕ ಶೆಡ್ಡು ಸಮೇತ ಹೊಸ ಮಗ್ಗಗಳನ್ನೇ ಹಾಕಿಕೊಳ್ಳಬಹುದಿತ್ತು.

ಕಾನೂನು ತೀರಾ ಸರಳ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಆಗಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಕಲಂ. ಆದರೆ ಮರುಮಾರಾಟದ ಲೆಕ್ಕಕ್ಕೆ ಇದೇ ದೊಡ್ಡ ತೊಡಕು. ಕೊಲ್ಹಾಪುರದ ಮಾಲೀಕನಿಗೆ ಬೆಂಗಳೂರಿನ ಗಿರಾಕಿ ಸಿಕ್ಕ ಎಂದುಕೊಳ್ಳಿ. ಗಿರಾಕಿ ಮೊದಲು ಎನ್‌ಒಸಿ ಕೇಳುತ್ತಾನೆ. ಆಮೇಲೆ, ಕಾರಿನ ವಯಸ್ಸಿಗೆ ತಕ್ಕ ರಿಯಾಯಿತಿ ಕಳೆದು, ಕರ್ನಾಟಕಕ್ಕೆ ಕಟ್ಟಬೇಕಾದ ತೆರಿಗೆಯನ್ನು ಲೆಕ್ಕ ಹಾಕುತ್ತಾನೆ. ಆ ಮೊತ್ತವನ್ನು ಮಾಲೀಕನ ಬೆಲೆಯಿಂದಲೇ ಕಡಿಯುತ್ತಾನೆ. ಮಹಾರಾಷ್ಟ್ರಕ್ಕೆ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲು ವಾಪಸು ಬರುವುದುಂಟು, ಬಂದಾಗ ಬಂತು. ಆದ್ದರಿಂದ ಕೊಳ್ಳುವಾಗ ಉಳಿದ ಎಪ್ಪತ್ತು ಲಕ್ಷ ಮಾರುವಾಗ ಉಳಿಯುವುದು ಗಿರಾಕಿ ಮಹಾರಾಷ್ಟ್ರದವನೇ ಆಗಿದ್ದರೆ ಮಾತ್ರ. ಎಂಎಚ್ ಪಾಸಿಂಗಿನ ಕಾರಿಗೆ ಮುಂಬೈ, ಪುಣೆಯ ಕಡೆ ಮುಖ. ತೆರಿಗೆ ಪೂರ್ತಿ ತೀರಿಸಿದ ಕೆಎ ಪಾಸಿಂಗಿನ ಕಾರಿಗೆ ಬೆಂಗಳೂರಿನಲ್ಲಿ ಮರ್ಯಾದೆ. ಕಾರು ಒಂದೇ, ಮೈಲೇಜು ಒಂದೇ, ಬಣ್ಣವೂ ಒಂದೇ ಇರಬಹುದು.

ನಟ ಅಮಿತಾಭ್ ಬಚ್ಚನ್ ಅವರ ಬಿಳಿ ರೋಲ್ಸ್ ರಾಯ್ಸ್ ಫ್ಯಾಂಟಮ್ ಇದೇ ಹಳ್ಳಕ್ಕೆ ಬಿತ್ತು. ‘ಏಕಲವ್ಯ’ ಚಿತ್ರದ ನೆನಪಿಗೆ 2007ರಲ್ಲಿ ನಿರ್ದೇಶಕ ವಿಧು ವಿನೋದ್ ಚೋಪ್ರಾ ಉಡುಗೊರೆ ಕೊಟ್ಟ ಕಾರು ಅದು. 2019ರಲ್ಲಿ ಬೆಂಗಳೂರಿನ ಉದ್ಯಮಿಗೆ ಮಾರಾಟವಾಯಿತು. ಆದರೆ ಹೆಸರು ಬದಲಾಗಿರಲಿಲ್ಲ, ಪಾಸಿಂಗೂ ಬದಲಾಗಿರಲಿಲ್ಲ. 2021ರ ಆಗಸ್ಟಿನಲ್ಲಿ ಸಾರಿಗೆ ಅಧಿಕಾರಿಗಳು ತಡೆದಾಗ ಕಾಗದದ ಮೇಲೆ ಅದು ಇನ್ನೂ ಬಚ್ಚನ್ನರ ಕಾರು. ಹೆಸರಾಂತರ ಬಾಕಿ ಇಟ್ಟ ಗಾಡಿಯಲ್ಲಿ ಕೊಂಡವನಿಗೂ ನೆಮ್ಮದಿ ಇಲ್ಲ, ಮಾರಿದವನಿಗೂ ಇಲ್ಲ. ಹಳ್ಳಿಯಲ್ಲಿ ಟ್ರ್ಯಾಕ್ಟರ್ ಮಾರುವವರಿಗೆ ಗೊತ್ತಿರುವ ಈ ಎಚ್ಚರ ಫ್ಯಾಂಟಮ್ ಕೊಳ್ಳುವವರಿಗೆ ಯಾಕೆ ತಪ್ಪಿಹೋಗುತ್ತದೋ!

ಪಾಸಿಂಗಿನ ಮಾತು ಮುಗಿದರೆ ಬೆಲೆ ಇಳಿತದ ಮಾತು. ಇಲ್ಲಿ ಒಂದೇ ಕಾರಿಗೆ ಮೂರು ಬೆಲೆಗಳಿರುತ್ತವೆ, ಮೂರೂ ಒಂದನ್ನೊಂದು ಮಾತಾಡಿಸುವುದಿಲ್ಲ.

ಮೊದಲನೆಯದು ವಿಮಾ ಕಂಪನಿಯದು. ಕಾರು ಹೊರಬಿದ್ದು ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡನೇ ವರ್ಷ ಶೇ 20, ಮೂರನೇ ವರ್ಷ ಶೇ 30, ನಾಲ್ಕನೇ ವರ್ಷ ಶೇ 40, ಐದನೇ ವರ್ಷ ಶೇ 50 ಕಳೆಯಬೇಕೆಂದು ಕೋಷ್ಟಕವೇ ಇದೆ. ಐದು ವರ್ಷ ದಾಟಿದ ಮೇಲೆ ಮಾಲೀಕನೂ ವಿಮೆಯವರೂ ಕುಳಿತು ಒಪ್ಪಿಕೊಂಡ ಮೊತ್ತ. ಆಲ್ಟೊಗೂ ಅದೇ ಕೋಷ್ಟಕ, ಅವೆಂಟಡಾರ್‌ಗೂ ಅದೇ. ಜಗತ್ತಿನಲ್ಲಿ ಐನೂರೇ ಇರುವ ಕಾರು ಎಂಬುದು ಆ ಕೋಷ್ಟಕದ ಯಾವ ಕಲಮಿನಲ್ಲೂ ಕೂರುವುದಿಲ್ಲ. ಮಾರುಕಟ್ಟೆಯಲ್ಲಿ ಬೆಲೆ ಏರುತ್ತಿರುವ ಕಾರಿನ ವಿಮಾ ಮೌಲ್ಯ ವರ್ಷವರ್ಷ ಇಳಿಯುತ್ತಲೇ ಹೋಗಿ, ಕೊನೆಗೆ ಅಪಘಾತವಾದ ದಿನ ಮಾಲೀಕನಿಗೆ ಅಂತರದ ಅರಿವಾಗುತ್ತದೆ.

ಎರಡನೆಯದು ಆದಾಯ ತೆರಿಗೆಯದು. ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡು ವ್ಯವಹಾರಕ್ಕೆ ಬಳಸಿದರೆ ವರ್ಷಕ್ಕೆ ಶೇ 15ರಂತೆ, ಉಳಿದ ಮೊತ್ತದ ಮೇಲೆ, ಸವಕಳಿ ತೋರಿಸಬಹುದು. ಐದು ಕೋಟಿಯ ಕಾರು ಐದು ವರ್ಷಕ್ಕೆ ಲೆಕ್ಕದ ಪುಸ್ತಕದಲ್ಲಿ ಸುಮಾರು 2 ಕೋಟಿ 22 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಕಾರಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮಾತ್ರ ವಾಪಸು ಪಡೆಯುವಂತಿಲ್ಲ. ಕಾರುಗಳಿಗೆ ಆ ಬಾಗಿಲು ಮುಚ್ಚಿದೆ. ಗಿರಣಿ, ಫೌಂಡ್ರಿ, ಸ್ಪಿನ್ನಿಂಗ್ ಮಿಲ್ ಇರುವ ಊರಿನಲ್ಲಿ ದುಬಾರಿ ಕಾರುಗಳು ವ್ಯಕ್ತಿಗಿಂತ ಸಂಸ್ಥೆಯ ಹೆಸರಿನಲ್ಲಿ ಹೆಚ್ಚು ಕಾಣುವುದಕ್ಕೆ ಈ ಸವಕಳಿಯೂ ಒಂದು ಕಾರಣ.

ಮೂರನೆಯದು ಪೇಟೆಯ ಬೆಲೆ. ಇದಕ್ಕೆ ಕೋಷ್ಟಕವಿಲ್ಲ. ವಜ್ರದ ವ್ಯಾಪಾರಿ ನೀರವ್ ಮೋದಿಯ ಕಾರುಗಳನ್ನು ಜಾರಿ ನಿರ್ದೇಶನಾಲಯ 2019ರ ಏಪ್ರಿಲ್‌ನಲ್ಲಿ ಆನ್‌ಲೈನ್ ಹರಾಜಿಗೆ ಇಟ್ಟಾಗ ರೋಲ್ಸ್ ರಾಯ್ಸ್ ಗೋಸ್ಟ್ ಹೋದದ್ದು ಸುಮಾರು 1 ಕೋಟಿ 33 ಲಕ್ಷಕ್ಕೆ, ಪೋರ್ಷೆ ಪನಮೆರಾ ಐವತ್ತೈದು ಲಕ್ಷದೊಳಗೆ. ಹೊಸ ಗೋಸ್ಟಿನ ಬೆಲೆ ಆಗ ಐದು ಕೋಟಿ ದಾಟಿತ್ತು. ಮಾಲೀಕ ದೇಶ ಬಿಟ್ಟು ಓಡಿದವನು, ಕಾರು ತಿಂಗಳುಗಟ್ಟಲೆ ನಿಂತಲ್ಲೇ ನಿಂತದ್ದು, ಓಡಿಸಿ ನೋಡುವ ಅವಕಾಶವಿಲ್ಲ. ಗಿರಾಕಿ ಇವೆಲ್ಲವನ್ನೂ ಬೆಲೆಯಲ್ಲೇ ಕಳೆದ.

ಹೆಸರಾಂತ ಮಾಲೀಕ ಇದ್ದರೆ ಬೆಲೆ ಏರುತ್ತದೆಂಬ ನಂಬಿಕೆ ಇದೆ. ಭಾರತದ ಅನುಭವ ಅದನ್ನು ಪೂರ್ತಿ ಒಪ್ಪುವುದಿಲ್ಲ. ವಿರಾಟ್ ಕೊಹ್ಲಿ ಬಳಸಿದ್ದ 2013ರ ಲ್ಯಾಂಬೋರ್ಗಿನಿ ಗಲ್ಲಾರ್ಡೊ ಸ್ಪೈಡರ್ 2021ರಲ್ಲಿ ಕೊಚ್ಚಿಯ ಒಂದು ಶೋರೂಮಿಗೆ ಬಂದಾಗ ಕೇಳಿದ ಬೆಲೆ 1 ಕೋಟಿ 35 ಲಕ್ಷ. ಆರ್‌ಸಿಬಿಯ ನಾಯಕನ ಕಾರೆಂದು ದೇಶವೆಲ್ಲ ಸುದ್ದಿಯಾಯಿತು. ಆದರೆ ಗಲ್ಲಾರ್ಡೊ ಜಗತ್ತಿನಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚಿವೆ, ಎಂಟು ವರ್ಷದ ಗಲ್ಲಾರ್ಡೊಗೆ ಕೇಳಬೇಕಾದಷ್ಟೇ ಕೇಳಿದರು ಎನ್ನಬೇಕು. ಸಚಿನ್ ತೆಂಡೂಲ್ಕರ್ ಅವರ ಫೆರಾರಿ 360 ಮೋಡೆನಾ ಮಾತ್ರ ಬೇರೆ ಜಾತಿ. ಟೆಸ್ಟಿನಲ್ಲಿ ಬ್ರಾಡ್‌ಮನ್ನರ 29 ಶತಕಗಳನ್ನು ಸರಿಗಟ್ಟಿದ್ದಕ್ಕೆ 2002ರಲ್ಲಿ ಫಾರ್ಮುಲಾ 1 ಚಾಲಕ ಮೈಕೆಲ್ ಶುಮಾಕರ್ ಕೈಯಿಂದ ಬಂದದ್ದು. 1 ಕೋಟಿ 13 ಲಕ್ಷದ ಆಮದು ಸುಂಕ ಮನ್ನಾ ಮಾಡಿದ್ದು ವಿವಾದವಾಗಿ, ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ಫೆರಾರಿಯ ಒಡೆಯ ಫಿಯಟ್ ಕಂಪನಿಯೇ ಸುಂಕ ಕಟ್ಟಿತು. 2011ರಲ್ಲಿ ಸೂರತ್ತಿನ ಉದ್ಯಮಿಯೊಬ್ಬರು ಕೊಂಡರು, ಮರುವರ್ಷ ತೆರೆಕಂಡ ‘ಫೆರಾರಿ ಕಿ ಸವಾರಿ’ಯಲ್ಲಿ ಕಾರು ತಾನೇ ಪಾತ್ರವಾಯಿತು. ಶತಕ, ಶುಮಾಕರ್, ಸುಂಕ, ಸಿನಿಮಾ ನಾಲ್ಕೂ ಸೇರಿದ ಕಾರು ಇದೊಂದೇ. ಕೊಹ್ಲಿಯ ಕಾರಿಗೆ ಇದ್ದದ್ದು ಹೆಸರು, ಸಚಿನ್ನರ ಕಾರಿಗೆ ಇದ್ದದ್ದು ಚರಿತ್ರೆ.

ಇದು ಕೊಲ್ಹಾಪುರ ಸೀಮೆಯ ಜನಕ್ಕೆ ಬಿಡಿಸಿ ಹೇಳಬೇಕಾದ ಮಾತಲ್ಲ. ಚಕ್ಕಡಿ ಶರ್ಯತ್ತಿಗೆ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಮೇಲೆ ಖಿಲಾರಿ ಎತ್ತಿನ ವ್ಯಾಪಾರ ಮತ್ತೆ ಕುದುರಿತು. ಎತ್ತು ಯಾರ ಹಟ್ಟಿಯಲ್ಲಿ ಇತ್ತು ಎಂಬುದಕ್ಕಿಂತ ಯಾವ ಮೈದಾನ ಗೆದ್ದಿತ್ತು ಎಂಬುದರ ಮೇಲೆ ಲಕ್ಷಗಳು ನಿಲ್ಲುತ್ತವೆ.

ಜಗತ್ತಿನ ದೊಡ್ಡ ಹರಾಜುಗಳಲ್ಲೂ ನಡೆಯುವುದು ಇದೇ. ಫೆರಾರಿ 250 ಜಿಟಿಒ 1962ರಿಂದ 1964ರವರೆಗೆ ತಯಾರಾದದ್ದು ಬರೀ 36. ಅಮೆರಿಕದಲ್ಲಿ ಹೊಸದಕ್ಕೆ 18,000 ಡಾಲರ್ ಆಸುಪಾಸು. ಅದರಲ್ಲೊಂದು 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಸಂಖ್ಯೆ ಕಡಿಮೆ ಎಂಬುದೊಂದೇ ಕಾರಣವಲ್ಲ. ಅವು ರೇಸು ಗೆದ್ದವು, ಗೆದ್ದ ದಾಖಲೆ ಅವುಗಳ ಹೆಸರಿನ ಜೊತೆಗೇ ಇದೆ. ಅದೇ ಕಂಪನಿಯ ಟೆಸ್ಟಾರೋಸಾವನ್ನು ನೋಡಿ. 1980ರ ದಶಕದಲ್ಲಿ ಗೋಡೆಗೋಡೆಗೂ ಅದರ ಪೋಸ್ಟರ್ ಅಂಟಿತ್ತು. 1988ರ ಆಗಸ್ಟಿನಲ್ಲಿ ಕಂಪನಿಯ ಸ್ಥಾಪಕ ಎಂಜೊ ಫೆರಾರಿ ತೀರಿಕೊಂಡಾಗ ಇನ್ನು ಇಂಥವು ಹುಟ್ಟುವುದಿಲ್ಲವೆಂದು ಜನ ಮುಗಿಬಿದ್ದರು, ಹೊಸದರ ಬೆಲೆಗಿಂತ ಹೆಚ್ಚು ಕೊಟ್ಟು ಕೊಂಡರು. ಎರಡು ವರ್ಷದಲ್ಲಿ ಗುಳ್ಳೆ ಒಡೆಯಿತು. ಆ ಮಾದರಿ ಮತ್ತು ಅದರ ಮುಂದಿನ ರೂಪಗಳೆಲ್ಲ ಸೇರಿ ಕೊನೆಗೆ ತಯಾರಾದದ್ದು ಸುಮಾರು ಹತ್ತು ಸಾವಿರ.

ಕೆಲವೊಮ್ಮೆ ಪೇಟೆಗೆ ತಡವಾಗಿ ಬುದ್ಧಿ ಬರುತ್ತದೆ. ಮೆಕ್‌ಲಾರೆನ್ ಎಫ್1 ಅನ್ನು ಮುನ್ನೂರು ಮಾರುವ ಆಸೆಯಿಂದ ಹೊರಟ ಕಂಪನಿ 1998ರಲ್ಲಿ 106ಕ್ಕೆ ನಿಲ್ಲಿಸಿತು, ಗಿರಾಕಿಗಳೇ ಇರಲಿಲ್ಲ. 2021ರಲ್ಲಿ ಅಂಥದ್ದೊಂದು, ನಾನೂರು ಕಿಲೋಮೀಟರನ್ನೂ ಓಡದಿದ್ದದ್ದು, 2 ಕೋಟಿ ಡಾಲರು ದಾಟಿತು. ಲೆಕ್ಸಸ್ ಎಲ್‌ಎಫ್‌ಎ ಕಥೆಯೂ ಹೀಗೆಯೇ. ಟೊಯೋಟಾದವರು ಐನೂರೇ ಕಟ್ಟಿದರು, ಬೆಲೆ 3 ಲಕ್ಷ 75 ಸಾವಿರ ಡಾಲರ್. ಲೆಕ್ಸಸ್ಸಿಗೆ ಇಷ್ಟು ಕೊಡುವುದೇ ಎಂದು ಮೂಗು ಮುರಿದವರೇ ಹೆಚ್ಚು. ಉತ್ಪಾದನೆ 2012ರಲ್ಲಿ ನಿಂತರೂ ಅಮೆರಿಕದ ಡೀಲರುಗಳ ಬಳಿ 2017ರಲ್ಲೂ ಹನ್ನೆರಡು ಮಾರಾಟವಾಗದೆ ಉಳಿದಿದ್ದವು. ಇವತ್ತು ಹೊಸದರ ಬೆಲೆಗೆ ಒಂದನ್ನು ಕೇಳಿದರೆ ನಗುತ್ತಾರೆ. ಟರ್ಬೊ ಇಲ್ಲದೆ, ಬ್ಯಾಟರಿ ಇಲ್ಲದೆ, ಒಂಬತ್ತು ಸಾವಿರ ಸುತ್ತು ಕೂಗುವ ವಿ10 ಎಂಜಿನ್ ಮತ್ತೆ ಬರುವುದಿಲ್ಲವೆಂಬುದು ಖಚಿತವಾದ ಮೇಲೆ ಆ ಸದ್ದಿಗೇ ಬೆಲೆ ಬಂತು. ಕೈಯಲ್ಲೇ ಗೇರು ಹಾಕುವ ಪೋರ್ಷೆ ಕರೇರಾ ಜಿಟಿಗೂ ಅದೇ ಭಾಗ್ಯ. ಇದಕ್ಕೆ ವಿರುದ್ಧವಾಗಿ ಹೈಬ್ರಿಡ್ ಸೂಪರ್‌ಕಾರುಗಳ ಬೆಲೆ ಹೊರದೇಶಗಳಲ್ಲಿ ಬೇಗ ಇಳಿಯುತ್ತಿದೆ. ಬೆಂಗಳೂರಿನಲ್ಲಿ ತೆರಿಗೆಗೆ ಸಿಕ್ಕಿಬಿದ್ದ ಎಸ್‌ಎಫ್ 90 ಆ ಪೈಕಿಯದೇ. ಸಾವಿರ ಅಶ್ವಶಕ್ತಿ ಇದ್ದರೇನು, ವಾರಂಟಿ ಮುಗಿದ ಮೇಲೆ ಬ್ಯಾಟರಿಯ ಬಿಲ್ಲು ಎಷ್ಟು ಎಂಬ ಹೆದರಿಕೆ ಎರಡನೇ ಗಿರಾಕಿಯನ್ನು ತಡೆಯುತ್ತದೆ.

ಹೀಗೆಂದು ಕ್ಯಾಲಿಫೋರ್ನಿಯಾದ ಹರಾಜನ್ನು ನೋಡಿ ಇಚಲಕರಂಜಿಯಲ್ಲಿ ಕಾರು ಕೊಳ್ಳುವುದು ಜಾಣತನವಲ್ಲ. ಮಾರುಕಟ್ಟೆಯ ಗಾತ್ರವೇ ಬೇರೆ. ಲ್ಯಾಂಬೋರ್ಗಿನಿ ಇಡೀ ಭಾರತದಲ್ಲಿ ಮಾರಿದ್ದು 2021ರಲ್ಲಿ 69, 2023ರಲ್ಲಿ 103, 2024ರಲ್ಲಿ 113. ದೇಶಕ್ಕೇ ವರ್ಷಕ್ಕೆ ನೂರು ಚಿಲ್ಲರೆ ಕಾರು ಎಂದರೆ ಒಂದು ನಿರ್ದಿಷ್ಟ ಮಾದರಿ, ನಿರ್ದಿಷ್ಟ ವರ್ಷದ್ದು ದೇಶದಲ್ಲಿ ನಾಲ್ಕೋ ಐದೋ ಇದ್ದೀತು. ಅಪರೂಪ ಹೌದು. ಅದನ್ನೇ ಕೊಳ್ಳಬೇಕೆಂದು ಕಾದವರೂ ನಾಲ್ಕೈದು ಜನರೇ. ಅದರಲ್ಲಿ ಉರುಸ್‌ನಂಥ ಎಸ್‌ಯುವಿ ಆದರೆ ಗಿರಾಕಿ ಬೇಗ ಸಿಗುತ್ತಾನೆ, ಏಕೆಂದರೆ ಅದು ಸ್ಪೀಡ್ ಬ್ರೇಕರ್ ದಾಟುತ್ತದೆ. ಎರಡೇ ಸೀಟಿನ, ನೆಲ ಮುಟ್ಟುವ ಕಾರನ್ನು ಇಚಲಕರಂಜಿಯ ಗಲ್ಲಿಯಿಂದ ಹೆದ್ದಾರಿಗೆ ತರುವಷ್ಟರಲ್ಲಿ ಮುಂದಿನ ತುಟಿ ನಾಲ್ಕು ಕಡೆ ಸವರಿರುತ್ತದೆ. ಕಾರ್ಬನ್ ಫೈಬರಿನ ಆ ತುಟಿಯ ಖರ್ಚು ಒಂದು ಮಾರುತಿ ಕಾರಿನ ಹತ್ತಿರ ಹೋದರೂ ಅಚ್ಚರಿಯಿಲ್ಲ. ಕಂಪನಿಯ ಸರ್ವಿಸ್ ಬೇಕೆಂದರೆ ಟ್ರಕ್ಕಿನ ಮೇಲೆ ಕಟ್ಟಿ ಮುಂಬೈಗೋ ಬೆಂಗಳೂರಿಗೋ ಕಳಿಸಬೇಕು. ಸರ್ವಿಸ್ ದಾಖಲೆಯಲ್ಲಿ ಒಂದು ವರ್ಷ ಖಾಲಿ ಇದ್ದರೆ ಗಿರಾಕಿ ಆ ಖಾಲಿ ಜಾಗಕ್ಕೂ ಬೆಲೆ ಕಟ್ಟುತ್ತಾನೆ.

ಇನ್ನೊಂದು ಸಂಗತಿ ಈ ಸೀಮೆಗೇ ಸೇರಿದ್ದು: ಪಂಚಗಂಗಾ ನದಿಯ ಪ್ರವಾಹ. 2019ರ ಆಗಸ್ಟಿನಲ್ಲಿ ಶಿರೋಳಿಯ ಹತ್ತಿರ ನೀರು ನುಗ್ಗಿ ಪುಣೆ–ಬೆಂಗಳೂರು ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು, 2021ರ ಜುಲೈನಲ್ಲಿ ಮತ್ತೆ ಹಾಗೇ ಆಯಿತು. ಕೊಲ್ಹಾಪುರದ ತಗ್ಗು ಬಡಾವಣೆಗಳಲ್ಲಿ, ಇಚಲಕರಂಜಿಯ ನದಿ ದಂಡೆಯಲ್ಲಿ ಸಾವಿರಾರು ವಾಹನಗಳು ನೀರು ಕುಡಿದವು. ಹಳೆಯ ಆಯಿಲ್ ಎಂಜಿನ್ ಆದರೆ ಬಿಚ್ಚಿ ಒಣಗಿಸಿ ಮತ್ತೆ ಶುರು ಮಾಡುವ ಊರು ಇದು. ಇವತ್ತಿನ ಸ್ಪೋರ್ಟ್ಸ್ ಕಾರಿನಲ್ಲಿ ಹತ್ತಾರು ಕಂಟ್ರೋಲ್ ಯೂನಿಟ್‌ಗಳು, ಕಾರ್ಪೆಟ್ಟಿನ ಕೆಳಗೆ ಓಡುವ ವೈರಿಂಗ್ ಇರುತ್ತವೆ. ಒಮ್ಮೆ ಕೆಸರು ಹೊಕ್ಕರೆ ತಿಂಗಳುಗಳ ಮೇಲೆ ಒಂದೊಂದೇ ಕೈಕೊಡುತ್ತವೆ. ಈ ಕಡೆಯ ಎಂಎಚ್ 09 ಕಾರನ್ನು ನೋಡಲು ಬಂದವರು ಬಾನೆಟ್ ಎತ್ತುವ ಮೊದಲು ಸೀಟಿನ ಹಳಿಯನ್ನು ತಡವಿ, ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮಣ್ಣಿನ ಗೆರೆ ಹುಡುಕುವುದು ಒಳ್ಳೆಯದು. 2019 ಮತ್ತು 2021ರ ವಿಮಾ ಕ್ಲೇಮಿನ ದಾಖಲೆ ಕೇಳುವುದು ಇನ್ನೂ ಒಳ್ಳೆಯದು.

ಇಷ್ಟೆಲ್ಲ ನೋಡಿಕೊಂಡು ಕೊಂಡವನನ್ನೂ ಬೀಳಿಸಬಲ್ಲ ಕೈ ದೆಹಲಿಯಲ್ಲಿದೆ. ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ದುಬಾರಿ ಕಾರಿನ ಮೇಲೆ ಆಮದು ಹೊರೆ ಒಟ್ಟು ಶೇ 110. 2025ರ ಬಜೆಟ್‌ನಲ್ಲಿ ಮೂಲ ಸುಂಕವನ್ನು ಶೇ 70ಕ್ಕೆ ಇಳಿಸಿ, ಶೇ 40ರ ಕೃಷಿ ಸೆಸ್ ಸೇರಿಸಿದ್ದರಿಂದ ಮೊತ್ತ ಅಲ್ಲಿಂದಲ್ಲಿಗೇ ನಿಂತಿತು. ಅದರ ಮೇಲೆ ಜಿಎಸ್‌ಟಿ ಮತ್ತು ಪರಿಹಾರ ಸೆಸ್ ಸೇರಿ ಶೇ 48ರಿಂದ 50 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಒಂದೇ ದರ, ಶೇ 40 ಆಯಿತು. ಬಂದರಿಗೆ ಒಂದು ಕೋಟಿಗೆ ಬಂದಿಳಿದ ಕಾರು ತೆರಿಗೆಗಳನ್ನು ಹೊತ್ತು ಮೊದಲು 3 ಕೋಟಿ 11 ಲಕ್ಷದಷ್ಟಾಗುತ್ತಿತ್ತು, ಈಗ 2 ಕೋಟಿ 94 ಲಕ್ಷ. ಡೀಲರನ ಲಾಭ, ಪಾಸಿಂಗ್ ಇದರ ಹೊರಗೆ. ಅಂದರೆ ಆ ಸೆಪ್ಟೆಂಬರ್‌ಗೆ ಒಂದು ತಿಂಗಳು ಮೊದಲು ಕೊಂಡವನ ಕಾರು ಗ್ಯಾರೇಜಿನಿಂದ ಹೊರಬರದೆಯೇ ಹದಿನೇಳು ಲಕ್ಷ ಇಳಿಯಿತು.

ಅದಕ್ಕಿಂತ ದೊಡ್ಡ ಇಳಿತ ಮುಂದಿದೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ, ನಿಗದಿತ ಸಂಖ್ಯೆಯ ಕಾರುಗಳಿಗೆ ಈ ಶೇ 110ರ ಹೊರೆ ಹಂತಹಂತವಾಗಿ ಶೇ 10ಕ್ಕೆ ಇಳಿಯುತ್ತದೆ. ರೋಲ್ಸ್ ರಾಯ್ಸ್, ಬೆಂಟ್ಲಿ, ಆಸ್ಟನ್ ಮಾರ್ಟಿನ್, ಮೆಕ್‌ಲಾರೆನ್ ಎಲ್ಲ ಬ್ರಿಟನ್ನಿನಲ್ಲೇ ತಯಾರಾಗುವವು. ಕೊನೆಯ ಹಂತದಲ್ಲಿ ಅದೇ ಒಂದು ಕೋಟಿಯ ಕಾರಿನ ಲೆಕ್ಕ 1 ಕೋಟಿ 54 ಲಕ್ಷಕ್ಕೆ ನಿಲ್ಲುತ್ತದೆ. ಹೊಸದೇ ಅರ್ಧ ಬೆಲೆಗೆ ಸಿಗುವಾಗ ಹಳೆಯದನ್ನು ಯಾರು ಮುಟ್ಟುತ್ತಾರೆ? ಕೋಟಾ ಇರುವುದರಿಂದ ಎಲ್ಲರಿಗೂ ಆ ಬೆಲೆಗೆ ಸಿಗಲಿಕ್ಕಿಲ್ಲ ಎಂಬುದೊಂದೇ ಈಗಿನ ಮಾಲೀಕರಿಗೆ ಸಮಾಧಾನ. ಇವತ್ತು ಬೆಂಟ್ಲಿ ಮಾರಲು ಹೊರಟವರಿಗೆ ಗಿರಾಕಿಗಳು ಸಬೂಬು ಹೇಳಿ ದಿನ ತಳ್ಳುತ್ತಿದ್ದರೆ ಅವರನ್ನು ದೂರುವಂತಿಲ್ಲ.

ಮಾರಾಟ ಕುದುರಿದರೂ ಸರ್ಕಾರದ ಲೆಕ್ಕ ಒಂದು ಬಾಕಿ ಇರುತ್ತದೆ. 2024ರ ಡಿಸೆಂಬರಿನ ಜಿಎಸ್‌ಟಿ ಮಂಡಳಿಯ ಸಭೆಯ ನಂತರ ಹಳೆಯ ವಾಹನಗಳ ಮಾರಾಟದ ಮೇಲೆ ಒಂದೇ ದರ, ಶೇ 18. ಖಾಸಗಿಯಾಗಿ ತನ್ನ ಹೆಸರಿನ ಕಾರು ಮಾರುವ ಗೃಹಸ್ಥನಿಗೆ ಇದಿಲ್ಲ; ಜಿಎಸ್‌ಟಿ ನೋಂದಣಿ ಇರುವ ಸಂಸ್ಥೆಗೆ ಇದೆ. ಅದೂ ಪೂರ್ತಿ ಬೆಲೆಯ ಮೇಲಲ್ಲ, ಮಾರ್ಜಿನ್ ಮೇಲೆ. ಆದಾಯ ತೆರಿಗೆಯಲ್ಲಿ ಸವಕಳಿ ತೋರಿಸಿದ್ದರೆ, ಮಾರಿದ ಬೆಲೆಯಿಂದ ಪುಸ್ತಕದ ಬೆಲೆ ಕಳೆದು ಉಳಿದದ್ದೇ ಮಾರ್ಜಿನ್. ಇಚಲಕರಂಜಿಯ ಸಂಸ್ಥೆಯೊಂದು ಐದು ಕೋಟಿಗೆ ಕೊಂಡ, ಪುಸ್ತಕದಲ್ಲಿ 2 ಕೋಟಿ 22 ಲಕ್ಷಕ್ಕೆ ಇಳಿದ ಕಾರನ್ನು ಮೂರು ಕೋಟಿಗೆ ಮಾರಿತು ಎನ್ನೋಣ. ಎರಡು ಕೋಟಿ ಕಳೆದುಕೊಂಡ ಮಾಲೀಕನ ಲೆಕ್ಕದಲ್ಲಿ ಅದು ನಷ್ಟ. ತೆರಿಗೆಯವರ ಲೆಕ್ಕದಲ್ಲಿ 78 ಲಕ್ಷ ಮಾರ್ಜಿನ್, ಅದರ ಮೇಲೆ 14 ಲಕ್ಷ ಜಿಎಸ್‌ಟಿ. ಅದೇ ಕಾರು ಎರಡು ಕೋಟಿಗೆ ಹೋಗಿದ್ದರೆ ಮಾರ್ಜಿನ್ ಇಲ್ಲ, ತೆರಿಗೆ ಸೊನ್ನೆ.